ತಿಮ್ಮರಾಯಪ್ಪನ ಹೊಲದಲ್ಲಿ ಇಂಗ್ಲಿಷ್ ಮತ್ತು ಇತಿಹಾಸ

ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ನಮಗೆ ಬಾಡಿಗೆ ಕೋಣೆ ತೋರಿಸಿದ ಲಕ್ಷ್ಮಮ್ಮಜ್ಜಿ ನಮ್ಮ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ, ಎಷ್ಟು ಜನ ಇರುತ್ತೀರಿ ಎಂದೂ ಕೇಳಲಿಲ್ಲ. ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡೇ ಒಂದು ಮಾತು ಕೇಳಿದರು: "ನೀವು ರೊಟ್ಟಿ ಬಡಿಯೋರಾ?"

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ಯಾರಾದರೂ ಹೀಗೆ ಕೇಳಿದರೆ, ಪಾಪ ಇವರಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಅಲ್ಲಿ ಬೆಳಗಾಗುವುದೇ ಜೋಳದ ರೊಟ್ಟಿಯ ಸಪ್ಪಳದಿಂದ. ಇಲ್ಲಿ ಕೋಣೆಯ ಮೇಲೆ ಕೋಣೆ, ಅದರ ಮೇಲೆ ಇನ್ನೊಂದು ಕೋಣೆ. ಮೇಲಿನವರು ಅಡುಗೆಕಟ್ಟೆಯ ಮೇಲೆ ರೊಟ್ಟಿ ಬಡಿದರೆ ಕೆಳಗೆ ರಾತ್ರಿಪಾಳಿ ಮುಗಿಸಿ ಮಲಗಿದವರು ಎದ್ದು ಜಗಳಕ್ಕೆ ಬರುತ್ತಾರಂತೆ.

"ಬಡೀತೀವ್ರಿ ಅಮ್ಮಾರ. ಆದ್ರ ಸಾವಕಾಶ ಬಡೀತೀವಿ," ಎಂದಳು ನನ್ನಕ್ಕ ಶಾಂತವ್ವ. ಸಾವಕಾಶ ಎಂದರೆ ನಮ್ಮ ಕಡೆ ನಿಧಾನ.

"ಅಂಗಾದ್ರೆ ಬಿಸ್ಲು ಬಂದ್ಮ್ಯಾಕೆ ಬಡ್ಕಳಿ. ನಂಗೂ ಒಂದು ಕೊಡಿ. ಸಾರಲ್ಲಿ ನೆನೆಸ್ಕಂಡು ತಿಂತೀನಿ," ಎಂದು ಅಜ್ಜಿ ಚಿಲಕ ತೆಗೆದರು. ಅವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಂಗೆ ಎಂಬುದು ಅಂಗೆ, ಹೊಲ ಎಂಬುದು ಒಲ. ನಮ್ಮ ಮಾತು ಅವರಿಗೆ ಜಗಳವಾಡಿದ ಹಾಗೆ ಕೇಳುತ್ತಿತ್ತು, ಅವರದು ನಮಗೆ ಮುದ್ದು ಮಾಡಿದ ಹಾಗೆ.

ಮಾಮ, ಅಂದರೆ ಅಕ್ಕನ ಗಂಡ ಹನಮಂತಪ್ಪ, ಕಟ್ಟಡಗಳಿಗೆ ಕಾಂಕ್ರೀಟ್ ಸುರಿಯುವ ಮೊದಲು ಸೆಂಟ್ರಿಂಗ್ ಹಲಗೆ ಹೊಡೆಯುವ ಕೆಲಸ ಮಾಡುತ್ತಾನೆ. ಅಕ್ಕ ಪಕ್ಕದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್. ನಾನು ಬಂದದ್ದು ಓದಲಿಕ್ಕೆ. ಅದೂ ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸ, ಎರಡನ್ನೂ ಸರಿಸಮವಾಗಿ ಕಲಿಸುವ ಪದವಿಗೆ. ಊರಿನ ಕಟ್ಟೆಯ ಮೇಲೆ ಇದು ವರ್ಷವಿಡೀ ನಗೆಯಾಟದ ವಿಷಯವಾಗಿತ್ತು. "ಸತ್ತ ರಾಜರನ್ನ ಇಂಗ್ಲಿಷ್‌ನ್ಯಾಗ ಮಾತಾಡ್ಸಾಕ ಹೊಂಟಾಳ," ಎನ್ನುತ್ತಿದ್ದರು. ಕೆಲಸ ಏನು ಸಿಗುತ್ತದೆ ಎಂಬುದು ನನಗೆ ಈಗಲೂ ಗೊತ್ತಿಲ್ಲ. ಆದರೆ ಸಣ್ಣವಳಿದ್ದಾಗ ಯಾರು ಕಥೆ ಹೇಳಿದರೂ ಬಾಯಿ ಬಿಟ್ಟುಕೊಂಡು ಕೇಳಿ, ಮುಗಿದ ಕೂಡಲೇ "ಇದು ಖರೇನ?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದವಳು ನಾನು. ಕಥೆಯೂ ಬೇಕು, ಖರೆಯೂ ಬೇಕು. ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ ಎಂದು ಗೊತ್ತಾದ ಮೇಲೆ ಬೇರೆ ಯಾವುದನ್ನೂ ಓದುವ ಮನಸ್ಸಾಗಲಿಲ್ಲ.

ಮೊದಲ ವರ್ಷ ತರಗತಿಯಲ್ಲಿ ನಾನು ಬಾಯಿ ತೆರೆದದ್ದು ಹಾಜರಿಗೆ ಮಾತ್ರ. ಸುತ್ತಲಿನ ಹುಡುಗಿಯರು ಇಂಗ್ಲಿಷಿನಲ್ಲೇ ಸೀನುತ್ತಾರೇನೋ ಎನಿಸುತ್ತಿತ್ತು. ಮಾರತ್ತಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಆ ಗದ್ದಲದಲ್ಲಿ ಯಾರಿಗೂ ಕೇಳಿಸದೆಂದು ಇಂಗ್ಲಿಷ್ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಕೊಂಡು ರೂಢಿ ಮಾಡಿಕೊಂಡೆ. ಒಮ್ಮೆ ಪಕ್ಕದಲ್ಲಿ ನಿಂತಿದ್ದವನು "ಮೇಡಂ, ಬಸ್ಸು ನಿಲ್ಸೋಕೆ ಸೀಟಿ ಹೊಡೀಲಾ? ಆ ಬಸ್ಸನ್ನೇ ಬೈತಿದ್ದೀರಾ?" ಎಂದು ಕೇಳಿದ. ಎರಡನೆಯ ವರ್ಷ ಒಂದು ದಿನ ತರಗತಿಯಲ್ಲಿ ಕೈ ಎತ್ತಿ, ಅಡ್ಡಿಯಿಲ್ಲದೆ ಪೂರಾ ಒಂದು ಮಾತು ಹೇಳಿ ಕೂತೆ. ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನಗೆ ನಾನೇ ಜಿಲೇಬಿ ಕೊಡಿಸಿಕೊಂಡೆ.

ತಮಾಷೆಯೆಂದರೆ, ಇಂಗ್ಲಿಷ್ ಮೇಡಂ ಮತ್ತು ಹಿಸ್ಟರಿ ಸಾರ್ ಇಬ್ಬರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ಮಾತು ಯಾರು ಆಡುತ್ತಿದ್ದಾರೆ? ಮೇಡಂಗೆ ಮಾತಿನ ಬನಿ ಬೇಕು, ಸಾರ್‌ಗೆ ಮಾತಿನ ಪುರಾವೆ ಬೇಕು. ಒಬ್ಬರ ಕೋಣೆಯಲ್ಲಿ ಶಹಬ್ಬಾಸ್ ಎನಿಸಿಕೊಂಡ ಉತ್ತರಕ್ಕೆ ಇನ್ನೊಬ್ಬರ ಕೋಣೆಯಲ್ಲಿ ಮಂಗಳಾರತಿ ಆಗುತ್ತಿತ್ತು.

ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕು, ಅದನ್ನು ಇಬ್ಬರೂ ಒಪ್ಪಬೇಕು. ಒಬ್ಬರು ಒಪ್ಪದಿದ್ದರೆ ಅವರ ವಿಷಯ ಬಿದ್ದುಹೋಗಿ, ಪದವಿ ಒಂದೇ ವಿಷಯದ್ದಾಗುತ್ತದೆ. ನಾನು ಲಕ್ಷ್ಮಮ್ಮಜ್ಜಿಯನ್ನು ಆರಿಸಿಕೊಂಡೆ. ಟೆಕ್ ಪಾರ್ಕು ಬರುವ ಮೊದಲು ಅಲ್ಲಿ ಅವರ ಹೊಲ ಇತ್ತೆಂದು ಗೊತ್ತಿತ್ತು. ಹಳ್ಳಿ ಹೋಗಿ ಕಚೇರಿಗಳು ಬಂದದ್ದನ್ನು ಒಬ್ಬ ಹೆಂಗಸು ಹೇಗೆ ಹೇಳುತ್ತಾಳೆ ಎಂಬುದರಲ್ಲಿ ಸಾಹಿತ್ಯವೂ ಆಯಿತು, ಇತಿಹಾಸವೂ ಆಯಿತು ಎಂದು ಬೀಗಿದೆ.

ಅವರೆಕಾಯಿಯ ಕಾಲ. ಅಜ್ಜಿ ಮೆಟ್ಟಿಲ ಮೇಲೆ ಕೂತು ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಫೋನಿಟ್ಟು ರೆಕಾರ್ಡ್ ಒತ್ತಿ, ನಾನೂ ಹಿತುಕುತ್ತ ಕೂತೆ. ನನ್ನ ಕಾಳು ಅರ್ಧ ಅಂಗಳಕ್ಕೆ ಹಾರುತ್ತಿತ್ತು. ನಮ್ಮಲ್ಲಿ ಅವರೆಯನ್ನು ಯಾರೂ ಇಷ್ಟು ಉಪಚಾರ ಮಾಡಿ ತಿನ್ನುವುದಿಲ್ಲ. ಅಜ್ಜಿ ನಕ್ಕು ನಕ್ಕು ಎಲ್ಲ ಹೇಳಿದರು: ರಾಗಿ, ನಡುವೆ ಸಾಲಾಗಿ ಅವರೆ, ಏತದ ಬಾವಿ, ಬುತ್ತಿ ಉಣ್ಣುತ್ತಿದ್ದ ಹುಣಸೆ ಮರ.

"ಯಾರ ಹೊಲ ಅಜ್ಜಿ ಅದು?"

"ಅವ್ರ ಒಲ."

"ಯಾರದು?"

"ಅವ್ರದೇ ಕಣಮ್ಮಿ. ನಮ್ಮನೆಯವ್ರದು." ಹೆಸರು ಕೇಳಿದ್ದಕ್ಕೆ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು.

ಗಂಡನ ಹೆಸರು ಹೇಳಬಾರದೆಂಬುದು ನಮ್ಮಲ್ಲೂ ಉಂಟು, ಅದರಲ್ಲಿ ಹೊಸತೇನಿಲ್ಲ. ಆದರೆ ಊರವರು ಹೊಲವನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು, ಬಾವಿಯನ್ನೂ, ಮರವನ್ನೂ. ಹಾಗಾಗಿ ಅಜ್ಜಿಯ ಬಾಯಲ್ಲಿ ಅವ್ರ ಒಲ, ಅವ್ರ ಬಾವಿ, ಅವ್ರ ಮರ. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದೆ. ಮಗ ಕಟ್ಟಿಸಿದ ನಮ್ಮ ವಠಾರದ ಗೇಟಿನ ಮೇಲೆ ಕಪ್ಪು ಗ್ರಾನೈಟಿನಲ್ಲಿ 'ಶ್ರೀ ತಿಮ್ಮರಾಯಪ್ಪ ನಿಲಯ' ಎಂದು ದೊಡ್ಡದಾಗಿ ಕೆತ್ತಿದೆ. ಕೊರಿಯರ್‌ನವನಿಗೂ ಗೊತ್ತಿರುವ ಹೆಸರು ಅದು.

ಹಿಸ್ಟರಿ ಸಾರ್ ನನ್ನ ಕರಡು ಓದಿ ಕನ್ನಡಕ ತೆಗೆದರು. "ಯಾರ ಹೊಲ, ಯಾರು ದುಡಿದ್ರು, ಯಾರು ಮಾರಿದ್ರು? ಇದಿಲ್ದೆ ಸಾಕ್ಷ್ಯ ಹೇಗಾಗತ್ತಮ್ಮ?"

"ಹೆಸರು ಗೇಟಿನ ಮೇಲಿದೆ ಸಾರ್. ಅದನ್ನೇ ಬರೀಲಾ?"

"ಗೇಟು ಹೇಳಿದ್ದನ್ನ ಗೇಟು ಹೇಳ್ತು ಅಂತ ಬರಿ. ಅವರ ಬಾಯಿಗೆ ನೀನು ತುರುಕಬೇಡ."

ಇಂಗ್ಲಿಷ್ ಮೇಡಂ ಅದೇ ಪುಟ ಹಿಡಿದುಕೊಂಡು ಕಣ್ಣಗಲಿಸಿದರು. "ಆ ಮೌನನೇ ನಿನ್ನ ಟೆಕ್ಸ್ಟ್. ಪ್ಲೀಸ್, ಅದನ್ನ ಮುಟ್ಟಬೇಡ. ಇನ್ನೊಂದು ಸಲ ಕೇಳಲೂ ಬೇಡ."

ನನಗೆ ಮೈಯೆಲ್ಲ ಉರಿಯಿತು. ಒಬ್ಬರು ಹೇಳಿಸು ಎನ್ನುತ್ತಾರೆ, ಇನ್ನೊಬ್ಬರು ಹೇಳಿಸಬೇಡ ಎನ್ನುತ್ತಾರೆ. ಇಬ್ಬರೂ ಅಜ್ಜಿಯನ್ನು ಒಮ್ಮೆಯೂ ನೋಡಿದವರಲ್ಲ. ಇತಿಹಾಸವನ್ನು ಬಿಟ್ಟುಬಿಡುತ್ತೇನೆ, ಬರೀ ಇಂಗ್ಲಿಷ್ ಪದವಿ ತೆಗೆದುಕೊಂಡು ಸುಮ್ಮನಾಗುತ್ತೇನೆ ಎಂದು ಮಾರತ್ತಹಳ್ಳಿ ಬಸ್‌ಸ್ಟಾಪಿನಲ್ಲಿ ನಿಶ್ಚಯಿಸಿದೆ. ಮನೆಗೆ ಬಂದು ಅಕ್ಕನಿಗೆ ಹೇಳುವಾಗ ಅಳು ಬಂತು. "ಅರ್ಧಾ ಓದಾಕ ಇಷ್ಟ್ ದೂರ ಬಂದಿ ಏನ?" ಎಂದಳು ಅಕ್ಕ. ಅವಳು ಆಗ ತುಂಬಿದ ಬಸುರಿ.

ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ, ಈ ಕಡೆಯವರು ಸೀಮಂತ ಎನ್ನುತ್ತಾರೆ. ಊರಿಗೆ ಹೋಗಲು ಮಾಮನಿಗೆ ರಜೆ ಸಿಗಲಿಲ್ಲ. ವಠಾರದ ಅಂಗಳದಲ್ಲೇ, ನೀರಿನ ಡ್ರಮ್ಮುಗಳನ್ನು ಬದಿಗೆ ಸರಿಸಿ, ಭಾನುವಾರ ಸಂಜೆ ಮಾಡಿದೆವು. ರಾಯಚೂರು, ಯಾದಗಿರಿ, ಗದಗ ಕಡೆಯ ಹೆಂಗಸರೆಲ್ಲ ಸೇರಿದರು. ಅಕ್ಕನಿಗೆ ಹಸಿರು ಸೀರೆ, ಹಸಿರು ಬಳೆ, ಮಡಿಲಿಗೆ ಅಕ್ಕಿ, ಕೊಬ್ಬರಿ. ಮನೆ ಒಡತಿಯೆಂದು ಲಕ್ಷ್ಮಮ್ಮಜ್ಜಿಯನ್ನು ಕರೆದು, ಸ್ವಲ್ಪ ಆಚೆಗೆ ಕುರ್ಚಿ ಹಾಕಿ ಕೂರಿಸಿದ್ದೆವು.

ಆಮೇಲೆ ಒಡಪು ಸುರುವಾಯಿತು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಆದರೆ ಪ್ರಾಸ ಕಟ್ಟಿದ ಮಾತಿನೊಳಗೆ ಸೇರಿಸಿ ಹೇಳಿದರೆ ತಪ್ಪಿಲ್ಲ. ಅದೇ ಒಡಪು. ಹೇಳುವ ತನಕ ಬಿಡುವುದಿಲ್ಲ. ಅಕ್ಕ ನಾಚಿ, ತಲೆ ಮೇಲೆ ಹಾದುಹೋದ ವಿಮಾನ ನೋಡಿ ಹೇಳಿದಳು: "ಹಾರೂ ವಿಮಾನಕ್ಕ ಎರಡ ರೆಕ್ಕ, ಹನಮಂತಪ್ಪನ ಜೋಡಿ ಇದ್ದರ ನನಗೇನ ದುಕ್ಕ?" ಎಲ್ಲರೂ ಹೋ ಎಂದರು. ಸರತಿ ಒಬ್ಬರಿಂದ ಒಬ್ಬರಿಗೆ ಸಾಗಿತು. ಅಜ್ಜಿಯ ಕುರ್ಚಿ ಬಂದಾಗ ಅದನ್ನು ದಾಟಿ ಮುಂದಿನವಳಿಗೆ ಹೋಯಿತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಗಂಡ ಇಲ್ಲದವರಿಗೆ ಒಡಪು ಕೇಳುವುದಿಲ್ಲ, ಅದು ನಮ್ಮ ಪದ್ಧತಿ.

"ನನ್ನ ಯಾಕ್ರಮ್ಮಿ ಕೇಳ್ನಿಲ್ಲ?"

ರಾಯಚೂರಿನ ಬಸಮ್ಮ ತಡವರಿಸಿದಳು. "ಅಮ್ಮಾರ, ನಿಮ್ಮನ್ನ ಹೆಂಗ್ ಕೇಳೂದ್ರಿ? ತಪ್ಪ ಆಕ್ಕೈತಿ."

"ಒಲ ಮಾರೋವಾಗ್ಲೂ ನನ್ನ ಯಾರೂ ಕೇಳ್ನಿಲ್ಲ," ಎಂದರು ಅಜ್ಜಿ. ಸಿಟ್ಟಿನಿಂದಲ್ಲ, ನೆನಪು ಮಾಡಿಕೊಂಡವರ ಹಾಗೆ. "ಈಗ ಆಟ ಆಡೋವಾಗ್ಲೂ ಕೇಳ್ದೆ ಓದ್ರೆ ಎಂಗೆ?"

ಮಾತಾಡಿದವಳು ಅಕ್ಕ. ಶುಭ ಅಶುಭ ಏನೇ ಆದರೂ ಮೊದಲು ತಟ್ಟಬೇಕಾದದ್ದು ಅಂದು ಅವಳಿಗೇ. ಹಸಿರು ಬಳೆಯ ಕೈಯಿಂದ ಕುರ್ಚಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡು, "ನಾನ್ ಕೇಳಾಕತ್ತೀನ್ರಿ ಅಮ್ಮಾರ. ಹೇಳ್ರಿ," ಎಂದಳು.

ಅಜ್ಜಿ ಎದ್ದು ನಿಂತರು. ಸೆರಗನ್ನು ಬಾಯಿಗೆ ಹಿಡಿಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿದರು, ಕೆಲಸಕ್ಕೆ ಇಳಿಯುವವರ ಹಾಗೆ.

"ಕಳೆ ಕಿತ್ತೋಳು ನಾನು, ತೆನೆ ಕೊಯ್ದೋಳು ನಾನು, ಮೆದೆ ಒಟ್ದೋಳು ನಾನು. ತಿಮ್ಮರಾಯಪ್ಪನ ಒಲ ಅಂತ ಕರ್ದಿದ್ದು ಊರು."

ಪ್ರಾಸ ಕೂಡಲಿಲ್ಲ. ಯಾರಿಗೂ ಅದು ಬೇಕಾಗಿರಲಿಲ್ಲ. ಬಸಮ್ಮ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು, ಅಕ್ಕ ಬಗ್ಗಲಾರದೆ ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ನಾನು ಒಂದು ಮೂಲೆಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದೆ, ರೆಕಾರ್ಡ್ ಒತ್ತುವ ನೆನಪೇ ಆಗಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ಅಳುಕುತ್ತಲೇ ಕೇಳಿದೆ, ಇನ್ನೊಮ್ಮೆ ಹೇಳುತ್ತೀರಾ ಎಂದು. "ಒಂದ್ಸಲ ಬಾಯಿಂದ ಬಂದ್ಮ್ಯಾಕೆ ಇನ್ನೇನಮ್ಮಿ, ಒತ್ಕೋ ನಿನ್ನ ಫೋನು," ಎಂದರು. ತಿಮ್ಮರಾಯಪ್ಪನವರು ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದರು. ಬೇಸಾಯ ಪೂರಾ ಅಜ್ಜಿಯದು. ಮಾರುವ ಮಾತು ಗಂಡಸರ ನಡುವೆ ಜಗಲಿಯ ಮೇಲೆ ಮುಗಿಯಿತು. ಅಜ್ಜಿ ಒಳಗೆ ಅವರಿಗೆಲ್ಲ ಕಾಫಿ ಕಾಯಿಸುತ್ತಿದ್ದರು. "ಒಳ್ಳೇರೇ ಕಣಮ್ಮಿ ತಿಮ್ಮರಾಯಪ್ಪನವ್ರು. ಕೇಳ್ಬೇಕು ಅಂತ ಗೊತ್ತಾಗ್ನಿಲ್ಲ, ಅಷ್ಟೆ." ಗಂಡನ ಹೆಸರು ಈಗ ಸಲೀಸಾಗಿ ಬರುತ್ತಿತ್ತು, ಬೇಕಿಲ್ಲದ ಕಡೆಯೂ ಬರುತ್ತಿತ್ತು.

ಪ್ರಬಂಧದಲ್ಲಿ ಅಜ್ಜಿ ಹೇಳದೆ ನಕ್ಕಿದ್ದನ್ನೂ ಬರೆದೆ, ಆಮೇಲೆ ಎದ್ದು ನಿಂತು ಹೇಳಿದ್ದನ್ನೂ ಬರೆದೆ. ಅವರ ಒಪ್ಪಿಗೆ ಕೇಳಿಯೇ ಬರೆದೆ. ಮೇಡಂ ಮತ್ತು ಸಾರ್ ಮೊದಲ ಬಾರಿಗೆ ಒಂದೇ ಮೇಜಿನ ಆಚೆ ಕೂತು ನನ್ನನ್ನು ಪ್ರಶ್ನಿಸಿದರು. ಅರ್ಧ ದಾರಿಯಲ್ಲಿ ನನ್ನನ್ನು ಮರೆತು ಅವರವರೇ ವಾದಕ್ಕಿಳಿದರು. ಕೊನೆಗೆ ಇಬ್ಬರೂ ಒಪ್ಪಿದರು. ಎರಡು ವಿಷಯವೂ ನನಗೆ ಉಳಿದವು.

ಈಚೆಗೆ ಊರಿಗೆ ಹೋಗಿದ್ದೆ. "ಬೆಂಗಳೂರಾಕಿ ಬಂದ್ಲು," ಎಂದರು ಕಟ್ಟೆಯವರು. ಬೆಳಗ್ಗೆ ರೊಟ್ಟಿಗೆ ಕೂತೆ. ಅವ್ವ ಸ್ವಲ್ಪ ಹೊತ್ತು ನೋಡಿ, "ಯಾಕ ಇಷ್ಟ್ ಮೆಲ್ಲಕ ಬಡೀತೀ? ಯಾರ್ ಮಲಗ್ಯಾರ ಇಲ್ಲಿ?" ಎಂದಳು. ಕೈಗೆ ಅಗ್ರಹಾರದ ರೂಢಿ ಹತ್ತಿಬಿಟ್ಟಿತ್ತು. ರೊಟ್ಟಿ ದಪ್ಪ ಬಂತು. ಮರಳಿ ಬಂದ ದಿನ ಲಕ್ಷ್ಮಮ್ಮಜ್ಜಿ ಮೆಟ್ಟಿಲ ಮೇಲೆ ಅಕ್ಕನ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡಿದ್ದರು. "ನೀನಿಲ್ದೆ ಬೆಳಗಾಗಿದ್ದೇ ಗೊತ್ತಾಗ್ನಿಲ್ಲ ಕಣಮ್ಮಿ. ಇನ್ಮ್ಯಾಕೆ ಜೋರಾಗೇ ಬಡಿ," ಎಂದರು.

ಆಮೇಲೆ ಕೆಣಕಿದರು. "ನನ್ನ ಬಾಯಿ ಬಿಡಿಸ್ದೋರು ನೀವು. ನಿಂದೂ ಒಂದು ಒಡಪ ಏಳು. ಗಂಡನ್ ಯೆಸ್ರಿಲ್ದೆ ಓದ್ರೆ ಊರ್ ಯೆಸ್ರಾಗ್ಲಿ. ಯಾವೂರೋಳು ನೀನು?"

ರೊಟ್ಟಿಯ ಮೇಲೆ ಕಟ್ಟಿದ ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದರಲ್ಲಿ ಊರಿನ ಹೆಸರು ಬರಬೇಕಾದ ಜಾಗಕ್ಕೆ ಬಂದು, ಹಳ್ಳಿಯದೋ ಅಗ್ರಹಾರದ್ದೋ ಎಂದು ನಿಂತೆ. ಅಜ್ಜಿ ಕಾಯುತ್ತಿದ್ದರು. ನಾನು ದುಪಟ್ಟದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟೆ.