ಮಾವನ ಆಲ್ಬಮ್ಮಿನಿಂದ ಹೋದ ಫೋಟೊ

ನನ್ನ ಮಾವ, ಗಂಡನ ಅಪ್ಪ, ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆ ಸೇರಿ ಬರ್ಮಾಕ್ಕೆ ಹೋಗಿದ್ದರು. ವಿಮಾನ ಹಾರಿಸುವವರಲ್ಲ, ಅದರ ಎಂಜಿನ್ ಬಿಚ್ಚಿ ಜೋಡಿಸುವವರು. ಅಲ್ಲಿಂದ ತಂದ ಕಪ್ಪು ಹಾಳೆಯ ಆಲ್ಬಮ್ ಬ್ರಹ್ಮಾವರದ ನಮ್ಮ ಮನೆಯ ಕಪಾಟಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಬಿಚ್ಚಿದವಳು ನಾನೊಬ್ಬಳೇ. ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಸೈನಿಕರ ಬಗ್ಗೆ ಚಾರ್ಟ್ ಮಾಡಿ ತರಲು ಶಾಲೆಯಲ್ಲಿ ಹೇಳಿದ್ದರು. ಬೇರೇನೂ ಸಿಗದೆ ಆಲ್ಬಮ್ಮಿನಿಂದ ಒಂದು ಫೋಟೊ ಕಿತ್ತು ಅಂಟಿಸಿದೆ. ಒಂದು ಮಳೆಗಾಲ ಆ ಚಾರ್ಟ್ ಶಾಲೆಯ ಗೋಡೆಯ ಮೇಲಿತ್ತು. ನಾನು ಕೇಳಲು ಹೋಗುವಷ್ಟರಲ್ಲಿ ಕಸದ ಜೊತೆ ಹೋಗಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ ಕುಂದಾಪುರದ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ನಮ್ಮವರ ಪಕ್ಕ ಹೆಮ್ಮಾಡಿಯವರೊಬ್ಬರು ಸಿಕ್ಕಿದರಂತೆ. ಅವರ ಸೋದರಮಾವನೂ ವಾಯುಪಡೆ ಸೇರಿ ಬರ್ಮಾಕ್ಕೆ ಹೋದವರು, ತಿರುಗಿ ಬರಲಿಲ್ಲ. ಆ ಸೋದರಮಾವನ ತಂಗಿ, ಅಂದರೆ ಇವರ ತಾಯಿ, ಇನ್ನೂ ಇದ್ದಾರೆ, ತೊಂಬತ್ತು ದಾಟಿದೆ.

ನಮ್ಮವರು ಖುಷಿಯಲ್ಲೇ ಮನೆಗೆ ಬಂದರು. “ಅಪ್ಪಯ್ಯನ ಆಲ್ಬಮ್ಮಲ್ಲಿ ಹೆಮ್ಮಾಡಿಯವ್ರ್ ಒಬ್ರ್ ಫೋಟೊ ಇತ್ತಲೆ? ನಾ ಸಣ್ಣಕಿಪ್ಪಾಗ ಕಂಡದ್ ನೆನ್ಪಿತ್ತ್. ಆಯ್ತಾರ ತಕಂಡ್ ಬತ್ತೆ ಅಂದ್ ಹೇಳಿದ್ದೆ.”

ನಾನು ಕಿತ್ತಿದ್ದು ಅದನ್ನೇ.

ಭಾನುವಾರ ಅವರು ಆಲ್ಬಮ್ ತೆಗೆಯುವ ಮೊದಲೇ ನಾನು ಅದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಗಂಟು ಹಾಕಿದೆ. ಕಾರಿನಲ್ಲಿ ಮಡಿಲಲ್ಲೇ ಇಟ್ಟುಕೊಂಡೆ. ದಾರಿಯಲ್ಲಿ ಹೇಳಿಬಿಡಬೇಕು ಅಂದುಕೊಂಡಿದ್ದೆ. ತೆಕ್ಕಟ್ಟೆಯಲ್ಲಿ ಚಾ ಕುಡಿಯಲು ನಿಲ್ಲಿಸಿದರು.

“ಹ್ವಾಯ್, ಒಂದ್ ಮಾತ್ ಹೇಳ್ಕಿತ್ತ್” ಅಂದೆ.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಹೆಮ್ಮಾಡಿಯಿಂದಲೇ. “ಎಲ್ಲಿದ್ರಿ? ಅಮ್ಮ ಬೆಳಿಗ್ಗೆಯೇ ಮಿಂದ್ ಜಗ್ಲಿ ಮೇಲ್ ಕೂಕಂಡಿದ್ರ್.” ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಹೇಳದೆಯೇ ಚಾ ಮುಗಿಸಿ ಕಾರು ಹತ್ತಿದೆ.

ಹೆಮ್ಮಾಡಿ ತಲುಪಿದಾಗ ಆ ಅಮ್ಮ ಮಡಿಕೆ ಮುರಿಯದ ಸೀರೆ ಉಟ್ಟು, ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದರು. ನನ್ನ ಕೈ ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು.

“ಅಣ್ಣನ ಫೋಟೊ ಈ ಮನೆಯಲ್ಲಿ ಒಂದೂ ಇಲ್ಲೆ ಹೆಣೆ. ಅವ ಹೋಪಾಗ ನಂಗ್ ಒಂಬತ್ ವರ್ಷ. ಈಗ ಮುಖವೇ ನೆನ್ಪಿಗ್ ಬತ್ತಿಲ್ಲೆ.”

ನಾನು ಒಂದೊಂದೇ ಹಾಳೆ ಮಗುಚಿದೆ. ಡೇರೆಗಳು, ಬಿದಿರಿನ ಗುಡಿಸಲು, ರೆಕ್ಕೆಯ ಕೆಳಗೆ ಚಡ್ಡಿ ಹಾಕಿ ನಿಂತ ಮಾವ. ಕೊನೆಗೆ ಆ ಹಾಳೆ ಬಂತು. ಫೋಟೊ ಸಿಕ್ಕಿಸುವ ನಾಲ್ಕು ಮೂಲೆಗಳು ಮಾತ್ರ ಇದ್ದವು.

ನಮ್ಮವರು ಬಗ್ಗಿ ನೋಡಿದರು. “ಅರೆ, ಎಲ್ಲಿ ಹೋಯ್ತ್? ಹಳೇದಲ್ದಾ, ಎಲ್ಲೋ ಬಿದ್ದ್ ಹೋಯ್ತೇನೋ.”

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಮ್ಮನಿಗೆ ಆ ಮಾತು ಕೇಳಿಸಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಖಾಲಿ ಹಾಳೆಗೆ ಮುಖ ತಾಗುವಷ್ಟು ಬಗ್ಗಿದರು. “ನನ್ ಕಣ್ಣಿಗ್ ಕಾಣ್ತಿಲ್ಲೆ ಮಗಾ” ಅಂದರು.

ತಡೆಯಲಾಗಲಿಲ್ಲ. “ಅಮ್ಮ, ನಿಮ್ ಕಣ್ಣ್ ಸಮ ಇತ್ತ್. ಫೋಟೊ ಇಲ್ಲೆ. ಕಿತ್ತದ್ ನಾನ್” ಅಂದು ಚಾರ್ಟಿನ ಕತೆ ಪೂರ್ತಿ ಅವರ ಕಿವಿಯ ಹತ್ತಿರ ಹೇಳಿದೆ.

ಅವರ ಮಗ ಎದ್ದು ನಿಂತರು. “ಒಂದ್ ಫೋನ್ ಮಾಡಿ ಹೇಳುಕ್ ಆತಿರ್ಲಿಲ್ಯಾ ನಿಮ್ಗೆ?” ನಮ್ಮವರು ಅಂಗಳ ನೋಡುತ್ತಿದ್ದರು.

ಅಮ್ಮನ ಬೆರಳು ಹಾಳೆಯ ಮೇಲೆಯೇ ಇತ್ತು. ಅದನ್ನು ಕೆಳಗೆ ಜಾರಿಸಿ ಕೇಳಿದರು: “ಕೆಳ್ಗ್ ಬೆಳಿ ಬಣ್ಣದಲ್ ಎಂತೋ ಬರ್ದಿತ್ತಲೆ. ಓದ್.”

ಕಪ್ಪು ಹಾಳೆಯ ಮೇಲೆ ಬಿಳಿ ಶಾಯಿಯಲ್ಲಿ ಮಾವನ ಅಕ್ಷರ. ಓದಿದೆ: “ಹೆಮ್ಮಾಡಿಯ ಗೆಳೆಯ, ಮನೆಯಿಂದ ಬಂದ ಮಿಡಿ ಉಪ್ಪಿನಕಾಯಿಯ ಡಬ್ಬಿ ಹಿಡಿದು.”

“ಮುಟ್ಟಿತಾ ಅದ್?” ಅವರು ನನ್ನತ್ತ ತಿರುಗಿದರು. “ಆ ಡಬ್ಬಿ ಬಾಯಿಗ್ ಬಟ್ಟೆ ಕಟ್ಟಿದ್ ನಾನ್. ಮತ್ತೆ ಕಾಗ್ದ ಬರ್ಲೇ ಇಲ್ಲೆ. ಮುಟ್ಟಿತೋ ಇಲ್ಯೋ ಅಂದ್ ನಮ್ಮನ್ ಹೆತ್ತ ಅಬ್ಬಿ ಸಾಯೋವರಿಗೂ ಹೇಳ್ತಿದ್ಳ್.” ಮೂರು ಸಲ ಓದಿಸಿದರು. ಆಮೇಲೆ ನನ್ನ ಕೈ ಬಿಗಿಯಾಗಿ ಹಿಡಿದರು. “ನೀ ಕಂಡಿದ್ಯಲೆ. ಹ್ಯಾಂಗಿದ್ದ, ಹೇಳ್.”

ಅವರನ್ನು ಸಮಾಧಾನ ಮಾಡಲು ಏನು ಬೇಕಾದರೂ ಹೇಳಬಹುದಿತ್ತು. ನಿಜವಾಗಿ ನೆನಪಿದ್ದಷ್ಟೇ ಹೇಳಿದೆ: ತೆಳ್ಳಗಿದ್ದರು, ನಗುತ್ತಿದ್ದರು, ಕಿವಿ ಸ್ವಲ್ಪ ದೊಡ್ಡದು.

“ಕಿವಿ ದೊಡ್ಡದ್” ಅಂದರು ಅಮ್ಮ. “ಹೌದ್.”

ಆಲ್ಬಮ್ ಅವರ ಮಡಿಲಲ್ಲೇ ಬಿಟ್ಟು ಎದ್ದೆವು. ಕಾಲು ಮುಟ್ಟಿದಾಗ ತಲೆಯ ಮೇಲೆ ಕೈಯಿಟ್ಟರು. “ನೀ ಮಾಡಿದ್ ಸಮ ಅಲ್ಲ ಹೆಣೆ” ಅಂದರು.

ಈಗ ತಿಂಗಳಿಗೊಮ್ಮೆಯಾದರೂ ಮಗನ ಕೈಯಲ್ಲಿ ಫೋನ್ ಮಾಡಿಸುತ್ತಾರೆ. ಮೀಸೆ ಇತ್ತಾ? ಬೈತಲೆ ಯಾವ ಬದಿಗೆ? ನನಗೆ ನೆನಪಿಲ್ಲ. ಪ್ರತಿ ಸಲವೂ ನೆನಪಿಲ್ಲ ಅಂತಲೇ ಹೇಳುತ್ತೇನೆ. ಅವರು ಸ್ವಲ್ಪ ಹೊತ್ತು ಕಾದು ಫೋನ್ ಇಡುತ್ತಾರೆ.