ಸೂರತ್ತಿನ ಬಗೀಚೆಯಲ್ಲಿ ಕುಬಸ

ಬೇವಿನ ಗಿಡದ ನೆರಳಿಗೂ ಚೀಟಿ ತೆಗೆಸಬೇಕಾದ ಊರು ಇದು. ಸೂರತ್ತಿಗೆ ಬಂದ ಮೂರನೆಯ ದಿನ ಮನೆ ಹತ್ತಿರದ ಬಗೀಚೆಗೆ ಹೋದರೆ ಬಾಗಿಲಲ್ಲಿದ್ದ ಕಾವಲುಗಾರ ಕೈ ಅಡ್ಡ ಹಿಡಿದ. “ಕುಂದ್ರಾಕೂ ರೊಕ್ಕೇನೋ ತಮ್ಮಾ?” ಎಂದೆ. ಅವನಿಗೆ ಕನ್ನಡ ಬರದು. ಚೀಟಿ ಹರಿದು ಕೊಟ್ಟ. ಬೈಲಹೊಂಗಲದ ಓಣಿ ಓಣಿಯಲ್ಲಿ ಸೀರೆಯ ಗಂಟು ಹೊತ್ತು ಮಾರಿದವಳು ನಾನು. ಯಾವ ಕಟ್ಟೆಯ ಮೇಲೆ ಕುಳಿತರೂ ಮನೆಯೊಳಗಿನಿಂದ ಕುಡಿಯಲು ನೀರು ಬರುತ್ತಿತ್ತು. ಮರುದಿನವೇ ವಿಚಾರಿಸಿ ತಿಂಗಳ ಪಾಸು ಮಾಡಿಸಿದೆ. ಇಲ್ಲಿಗೆ ಬರುವವರು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಬಾಡಿಗೆ ಮನೆ ಹಿಡಿಯುವಾಗ ನಲ್ಲಿ ನೋಡಿದರೆ ಸಾಲದು, ಹೊರಗೆ ಕುಳಿತುಕೊಳ್ಳಲು ಜಾಗವಿದೆಯೇ ನೋಡಿ. ನಮ್ಮದು ನಾಲ್ಕನೆಯ ಅಂತಸ್ತು. ಮಗ ಬಟ್ಟೆ ಮಾರುಕಟ್ಟೆಗೆ ಗಂಟು ಕಟ್ಟಲು ಹೋದನೆಂದರೆ ಸೊಸೆ ಶಾಂತಾ ಮತ್ತು ನಾನು, ಇಬ್ಬರೇ. ಎದುರಿನ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಕಟ್ಟೆಗೆ ಇಲ್ಲಿ ‘ಓಟ್ಲೊ’ ಎನ್ನುತ್ತಾರೆ. ಹೆಸರಿದೆ, ನಮ್ಮ ಕಟ್ಟಡಕ್ಕೆ ಕಟ್ಟೆಯಿಲ್ಲ. ಹೀಗಾಗಿ ಬಗೀಚೆಯ ‘ಬಾಂಕಡೊ’, ಅಂದರೆ ಕಲ್ಲಿನ ಬೆಂಚೇ ನನ್ನ ಓಣಿಯಾಯಿತು. ಸಂಜೆ ಅಲ್ಲಿ ಹೆಂಗಸರ ಗುಂಪೊಂದು ಸೇರುತ್ತಿತ್ತು. ನಾನು ಎರಡು ಬೆಂಚು ದೂರ. ಆರು ತಿಂಗಳು ನಕ್ಕದ್ದೇ ಮಾತು.

ಶಾಂತಾಳಿಗೆ ಏಳು ತಿಂಗಳು ತುಂಬಿತು. ತಾಯಿಯಿಲ್ಲದ ಹುಡುಗಿ, ಸೀಮಂತದ ಕುಬಸ ನಾನೇ ಮಾಡಬೇಕು. ದೂರದ ಪ್ರಯಾಣ ಬೇಡವೆಂದರು ಡಾಕ್ಟರು. ಊರಲ್ಲಾದರೆ ಓಣಿಗೆ ಅಡ್ಡ ಪೆಂಡಾಲು ಹೊಡೆದರೆ ಅದೇ ಕಲ್ಯಾಣ ಮಂಟಪ. ಇಲ್ಲಿನ ಮಂಟಪಗಳ ಬಾಡಿಗೆ ಕೇಳಿ ಹಿಂದೆ ಬಂದೆ. ಉಳಿದದ್ದು ಬಗೀಚೆ.

“ಪ್ರೋಗ್ರಾಂ ನಹೀ,” ಎಂದ ಕಾವಲುಗಾರ. ನವಿಲುತೀರ್ಥದ ಡ್ಯಾಮಿಗೆ ಬುತ್ತಿ ಕಟ್ಟಿಕೊಂಡು ಹೋದರೆ ಎಲ್ಲಿ ಬೇಕಾದರೂ ಜಮಖಾನೆ ಹಾಸುವ ಜನ ನಾವು. ಹರಕು ಹಿಂದಿಯಲ್ಲೇ ಹಿಡಿದೆ: ಪೆಂಡಾಲಿಲ್ಲ, ಮೈಕಿಲ್ಲ, ಒಲೆಯಿಲ್ಲ, ಒಂದು ಜಮಖಾನೆ, ಒಂದು ತಾಸು, ಕಸ ನಾನೇ ಬಳಿಯುತ್ತೇನೆ. ಅವನು ನಕ್ಕ. ಇಂಥಲ್ಲಿ ಏನು ಬೇಕೆಂದು ಹೇಳುವ ಮೊದಲು ಏನೇನು ಬೇಡವೆಂದು ಹೇಳಿ; ಅರ್ಧ ಕೆಲಸ ಆದಂತೆ.

ಜಾಗ ಸಿಕ್ಕಿತು. ಉಡಿ ತುಂಬಲು ಐದು ಮಂದಿ ಮುತ್ತೈದೆಯರು ಎಲ್ಲಿಂದ ಬರಬೇಕು? ಅವರನ್ನು ಚೌಕಾಸಿ ಮಾಡಿ ತರಲಾಗದು. ಗಂಡನನ್ನು ಕಳೆದುಕೊಂಡ ನಾನು ಆ ಐದರಲ್ಲಿ ಇಲ್ಲ. ಮುನವಳ್ಳಿಯಿಂದ ತಂಗಿಯ ಫೋನು: “ಚೊಚ್ಚಲ ಬಸರೈತಿ ಅಕ್ಕಾ. ಮೂರ್ ಮಂದ್ಯಾಗ ಮುಗಿಸಬ್ಯಾಡ ಮತ್ತ!”

ನಮ್ಮಲ್ಲಿ ಕರೆಯುವುದೆಂದರೆ ಕುಂಕುಮ ಹಚ್ಚುವುದು. ಹಚ್ಚಲು ಮನೆಯಲ್ಲಿ ಬೇರೆ ಹೆಂಗಸಿಲ್ಲ; ಬಸುರಿಯ ಕೈಗೇ ಕುಂಕುಮದ ಭರಣಿ ಕೊಟ್ಟು ಗುಂಪಿನ ಹತ್ತಿರ ಕರೆದೊಯ್ದೆ. “ಹಚ್ಚವಾ,” ಎಂದೆ. ಶಾಂತಾ ತುದಿಯಲ್ಲಿದ್ದವಳ ಹಣೆಗೆ ಬೆರಳು ಚಾಚಿದಳು. ಆಕೆ ಬೆಚ್ಚಿ, ಚೀಲವನ್ನು ಎದೆಗವುಚಿಕೊಂಡು ಎದ್ದೇಬಿಟ್ಟಳು. ಶಾಂತಾಳ ಕಣ್ಣು ತುಂಬಿದವು. “ಬ್ಯಾಡ್ರಿ ಅತ್ತಿ, ಮನೀಗಿ ಹೋಗೂಣ್ರಿ.”

ಸಾವಿರ ಹೆಂಗಸರಿಗೆ ಸೀರೆ ಒಪ್ಪಿಸಿದ ಬಾಯಿ ನನ್ನದು, ಇಲ್ಲಿ ಅದು ನಡೆಯದು. ಕೊನೆಗೆ ಸೊಸೆಯ ಸೆರಗನ್ನು ಹೊಟ್ಟೆಯ ಮುಂದೆ ಹಿಡಿದು, ಅಕ್ಕಿ ಹಾಕಿದಂತೆ ಹಿಡಿ ಗಾಳಿ ತುಂಬಿ ತೋರಿಸಿದೆ. ಗುಂಪಿನ ಹಿರಿಯಳು ಹಂಸಾಬೆನ್ (ಬೆನ್ ಎಂದರೆ ಅಕ್ಕ), “ಓಹೋ, ಖೋಳೊ!” ಎಂದು ಕೈ ತಟ್ಟಿದಳು. ನಮ್ಮ ಉಡಿ, ಇವರ ಖೋಳೊ. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು, ಶುಕ್ರವಾರಕ್ಕೆ ಒಪ್ಪಿದರು.

ಶುಕ್ರವಾರ ಬಂದವರು ನಾಲ್ವರು. ಹಸಿರು ಸೀರೆಯುಟ್ಟ ಶಾಂತಾ ಜಮಖಾನೆಯ ಮೇಲೆ ಕುಳಿತು ಗೇಟಿನತ್ತ ನೋಡುತ್ತಲೇ ಇದ್ದಳು. ಬೆಚ್ಚಿ ಎದ್ದವಳು ಬರಲಿಲ್ಲ. ಕಾವಲುಗಾರ ಗಡಿಯಾರ ನೋಡತೊಡಗಿದ. ಹಂಸಾಬೆನ್ ಉಡಿಯಕ್ಕಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಬರಿ ಹಣೆ ತೋರಿಸಿದೆ. ಆಕೆ ನೋಡಿದಳು, ಅರ್ಥವಾಗದೆ ಇರಲಿಲ್ಲ. “ದಾದಿ ಪಹೆಲಾ,” ಎಂದಳು. ಅಜ್ಜಿ ಮೊದಲು.

ಊರಲ್ಲಿ ಎಷ್ಟು ಕುಬಸಗಳಿಗೆ ನಾನು ಸೀರೆ ಕೊಟ್ಟಿಲ್ಲ! ಉಡಿ ತುಂಬುವ ಹೊತ್ತಿಗೆ ಮಾತ್ರ ಅಡುಗೆಮನೆಗೆ ಹೋಗುತ್ತಿದ್ದೆ. ಯಾರೂ ಕಳಿಸಿದ್ದಲ್ಲ, ನಾನೇ ಹೋಗುತ್ತಿದ್ದೆ. ಇಲ್ಲಿ ಹೋಗಲು ಅಡುಗೆಮನೆ ಇರಲಿಲ್ಲ. ಬಯಲು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ, ಒಂದೊಂದಾಗಿ ಶಾಂತಾಳ ಉಡಿಗೆ ಹಾಕಿದೆ.

ಸಂಜೆ ತಂಗಿಯ ಫೋನು. “ಐದು ಮಂದಿ ಆದ್ರೇನಕ್ಕಾ?”

“ಆದ್ರವಾ.”

“ನಮ್ಮ ಕಡೆಯಾಕಿ ಯಾರರೆ ಇದ್ಲೇನ?”

“ಒಬ್ಬಾಕಿ ಇದ್ಲು.”

“ಯಾರಕ್ಕಾ?”

ಕೇಳಿಸುತ್ತಿಲ್ಲವೆಂದು ಇಟ್ಟುಬಿಟ್ಟೆ.

ಕೂಸನ್ನೆತ್ತಿಕೊಂಡು ಊರಿಗೆ ಬರುತ್ತೇನೆ. ಯಾರ ಮನೆಯಲ್ಲಾದರೂ ಕುಬಸವಿದ್ದರೆ ಹೇಳಿ ಕಳಿಸಿ; ಸೂರತ್ತಿನ ಸೀರೆ, ಕಡಿಮೆಗೆ ತರುತ್ತೇನೆ. ಉಡಿ ತುಂಬುವ ಹೊತ್ತಿಗೆ ನಾನು ಎಲ್ಲಿರಬೇಕೆಂಬುದು ಮಾತ್ರ ನನಗಿನ್ನೂ ತಿಳಿದಿಲ್ಲ.