ಆಚಾರ್ರ ಗೋಡೆ ಮತ್ತು ನನ್ನ ರಿಟೈರ್‌ಮೆಂಟ್ ಮೆಮೊ

ಈ ಪ್ರಸಂಗವನ್ನು ಕಿರಿಯ ವಕೀಲರಿಗೆ ಹೇಳುವಾಗಲೆಲ್ಲ ನಾನು ಬಹಳ ಸಮಾಧಾನದ ಮನುಷ್ಯನಾಗಿ ಕಾಣಿಸುತ್ತೇನೆ. ನನಗಿರುವ ಅನುಮಾನವೇ ಅದು. ನಾನು ಫೈಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟೆನೆಂದು ನನ್ನ ನೆನಪು. ಕುಕ್ಕಿದಿರಿ ಎಂದು ನಮ್ಮ ಗುಮಾಸ್ತ ಜಬೀವುಲ್ಲಾ ಹೇಳುತ್ತಿದ್ದರು. ವರ್ಷವೂ ಖಚಿತವಿಲ್ಲ. ಸುಮಾರು ಹತ್ತು ವರ್ಷದ ಹಿಂದಿನದು ಎಂದಿಟ್ಟುಕೊಳ್ಳಿ.

ಮೈಸೂರಿನಲ್ಲಿ ಕಾನೂನು ಓದಿ ಬಂದ ನಾನು ಒಂದೇ ಊರಿನ ಕೋರ್ಟಿನಲ್ಲಿ ನಿಲ್ಲುವವನಾಗಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಮನೆ, ಪಾಂಡವಪುರದಲ್ಲಿ ಆಫೀಸು, ವಾರಕ್ಕೆರಡು ದಿನ ಬೈಕಿನಲ್ಲಿ ಕೆ.ಆರ್. ಪೇಟೆ ಕೋರ್ಟು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಯ ಗಾಳಿಗೆ ಕರಿಕೋಟು ಪಟಪಟ ಬಡಿಯುತ್ತಿತ್ತು. ಈಗಲೂ ಆ ಸದ್ದು ಕೇಳಬೇಕೆನಿಸುತ್ತದೆ.

ಅಲ್ಲಿನ ನನ್ನ ಕಕ್ಷಿದಾರರಲ್ಲಿ ಬೂಕನಕೆರೆ ಕಡೆಯ ಬಡಗಿ ಪುಟ್ಟಾಚಾರ್ ಒಬ್ಬರು. ಅರವತ್ತರ ಹತ್ತಿರದವರು, ಕೈಕೆಲಸದಲ್ಲಿ ನಿಪುಣರು, ಬಾಯಿ ಮಾತ್ರ ಉಳಿಗಿಂತ ಹರಿತ. ಅವರ ಮರಗೆಲಸದ ಕೊಟ್ಟಿಗೆಯ ಪಡುವಣ ಗೋಡೆ ತಮ್ಮ ಜಾಗಕ್ಕೆ ಅರ್ಧ ಅಡಿ ಬಂದಿದೆ, ಒಡೆಯಬೇಕು ಎಂದು ಪಕ್ಕದವರ ಹಟ. ಗೋಡೆ ಹೋದರೆ ಸೂರು ಕುಸಿಯುತ್ತದೆ, ಸೂರು ಹೋದರೆ ಆಚಾರ್ರ ಕಸುಬೂ ಹೋಗುತ್ತದೆ. ದಾವೆ ಹಾಕಿ, ಗೋಡೆ ಮುಟ್ಟದಂತೆ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದೆ.

ಸ್ಥಳ ಅಳೆಯಲು ನ್ಯಾಯಾಲಯ ಒಬ್ಬ ಯುವ ವಕೀಲೆಯನ್ನು ಕಮಿಷನರ್ ಆಗಿ ನೇಮಿಸಿತು. ಕಮಿಷನರ್ ಎಂದರೆ ನ್ಯಾಯಾಲಯದ ಪರವಾಗಿ ಸ್ಥಳ ನೋಡಿ ವರದಿ ಕೊಡುವವರು. ಆಕೆ ಅಳೆದ ದಿನ ಆಚಾರ್ರು ಎಲ್ಲದಕ್ಕೂ ಜಗಳ ತೆಗೆದರು: ನಕ್ಷೆ ಸೊಟ್ಟ, ನಿಂತ ಜಾಗ ತಪ್ಪು, ಬಟ್ಟೆ ಟೇಪಿನ ತುದಿ ಹರಿದಿದೆ. ನಾನು ನೆರಳಿನಲ್ಲಿ ಎದುರು ವಕೀಲರ ಜೊತೆ ಹರಟುತ್ತಿದ್ದೆ. ಟೇಪನ್ನು ನೋಡಲಿಲ್ಲ.

ಆಸ್ತಿ ಪತ್ರದ ಪ್ರಕಾರ ಕೊಟ್ಟಿಗೆ ಪೂರ್ವ-ಪಶ್ಚಿಮ ಮೂವತ್ತು ಅಡಿ. ವರದಿಯಲ್ಲಿ ಬಂದದ್ದು ಮೂವತ್ತೂವರೆ. ಅಂದರೆ ಒತ್ತುವರಿ ನಿಜ.

ಕೋರ್ಟಿನ ವರಾಂಡದಲ್ಲಿ ಆಚಾರ್ರು ನನ್ನ ದಾರಿಗೆ ಅಡ್ಡ ನಿಂತರು.

"ಆಯಮ್ಮ ಲಂಚ ತಿಂದವ್ರೆ ಅಂತ ಬರೀರಿ ಲಾಯರ್ರೆ."

"ನೀವು ನೋಡಿದ್ರಾ?"

"ನೋಡೋದೇನು? ಪಕ್ಕದೋರ ಮನೇಲಿ ಕಾಫಿ ಕುಡುದ್ರಲ್ಲ!"

"ನಿಮ್ಮನೇಲೂ ಮಜ್ಜಿಗೆ ಕುಡಿದ್ರಲ್ಲ ಆಚಾರ್ರೆ."

"ನಮ್ಮನೇಲಿ ಅರ್ಧ ಲೋಟ ಬುಟ್ರು. ಅಲ್ಲಿ ತಳ ಕಾಣೋಗಂಟ ಕುಡುದ್ರು!"

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಆಗತಾನೆ ವೃತ್ತಿಗೆ ಬಂದ ಹುಡುಗಿಯ ಮೇಲೆ ಆಧಾರವಿಲ್ಲದೆ ಅಂಥ ಮಾತು ಬರೆಯುವುದಿಲ್ಲ ಎಂದೆ. ಆಚಾರ್ರ ದನಿ ಏರಿತು. "ಅಂಗಾದ್ರೆ ನೀವೂ ಅವ್ರ ಕಡೆ ಸೇರ್ಕಂಡ್ರಿ ಅನ್ನಿ! ಅವತ್ತು ನೆಳ್ಳಲ್ಲಿ ಕಿಸಿಕಿಸಿ ನಗ್ತಾ ನಿಂತಿದ್ದು ನಾನೇನ್ ಕಂಡಿಲ್ವಾ?"

ಮಾತು ಚುಚ್ಚಿತು. ನೆರಳಿನಲ್ಲಿ ನಿಂತದ್ದಂತೂ ನಿಜವೇ ತಾನೆ?

ಆಫೀಸಿಗೆ ಬಂದು ಫೈಲನ್ನು ಮೇಜಿನ ಮೇಲಿಟ್ಟು, ರಿಟೈರ್‌ಮೆಂಟ್ ಮೆಮೊ ಟೈಪ್ ಮಾಡಿ ಎಂದೆ. ಈ ಕಕ್ಷಿದಾರರ ಪರ ಇನ್ನು ನಡೆಸಲಾರೆ, ಬಿಡುಗಡೆ ಕೊಡಿ ಎಂದು ವಕೀಲ ನ್ಯಾಯಾಲಯಕ್ಕೆ ಕೊಡುವ ಒಂದು ಪುಟದ ಕಾಗದ ಅದು. ಮೂವತ್ತು ವರ್ಷ ಕೋರ್ಟು ಕಂಡಿದ್ದ ಜಬೀವುಲ್ಲಾ ಕೀಬೋರ್ಡಿನ ಮೇಲೆ ಕೈ ಇಡಲಿಲ್ಲ.

"ಗುಸ್ಸಾದಲ್ಲಿ ಬ್ಯಾಡ ಸಾರ್. ವರದಿಗೆ ತಕರಾರು ಹಾಕಕ್ಕೆ ನಾಡಿದ್ದೇ ಕೊನೇ ದಿನ. ನೀವು ಇವತ್ತು ಕೈ ಬುಟ್ರೆ ಹೊಸಾ ಲಾಯರು ಫೈಲ್ ಬಿಚ್ಚೋ ಹೊತ್ಗೆ ಸ್ಟೇ ಹೋಗಿರ್ತದೆ."

"ಅವರಿಗೇ ನನ್ನ ಮೇಲೆ ನಂಬಿಕೆ ಇಲ್ವಲ್ಲ!"

"ಅವ್ರು ಬೈದಿದ್ದು ನಿಮ್ಮನ್ನ. ಬೀಳೋದು ಗೋಡೆ."

ಆ ದಿನದ ಕೋಪ ಮರುದಿನವೂ ಇಳಿದಿರಲಿಲ್ಲ. ಆದರೂ ತಕರಾರು ಬರೆದೆ. ಲಂಚದ ಮಾತು ಬಿಟ್ಟೆ. ಟೇಪಿನ ಮೊದಲ ತುದಿ ಹರಿದಿತ್ತು, ಹರಿದುಹೋದಷ್ಟೂ ಅಳತೆ ಹೆಚ್ಚು ತೋರುತ್ತದೆ, ಮತ್ತೆ ಅಳೆಸಬೇಕು ಎಂಬುದಷ್ಟನ್ನು ಇಟ್ಟೆ. ನನಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೆ ಅಳತೆ ಬಡಗಿಯ ಕಸುಬು, ಅದರ ತಪ್ಪು ಹೇಳುವ ಹಕ್ಕು ಅವರದು. ತಕರಾರು ದಾಖಲಾಯಿತು, ತಡೆಯಾಜ್ಞೆ ಒಂದು ತಿಂಗಳು ಮುಂದುವರಿಯಿತು.

ಅವತ್ತೇ ಆಚಾರ್ರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಹಾಕಿದೆ: ನಮ್ಮಿಬ್ಬರ ನಡುವೆ ವಿಶ್ವಾಸ ಉಳಿದಿಲ್ಲ, ಮುಂದಿನ ದಿನಾಂಕದೊಳಗೆ ಬೇರೆ ವಕೀಲರನ್ನು ನೋಡಿಕೊಳ್ಳಿ, ಅಲ್ಲಿಯವರೆಗೆ ನಿಮ್ಮ ಕೆಲಸ ನಿಲ್ಲುವುದಿಲ್ಲ. ಮುಂದಿನ ದಿನಾಂಕದಂದು ನ್ಯಾಯಾಲಯಕ್ಕೆ ಕೊಡಲೆಂದು ಸಿದ್ಧಮಾಡಿಟ್ಟ ಮೆಮೊದಲ್ಲಿ ಮಾತ್ರ 'ವೃತ್ತಿಪರ ಕಾರಣಗಳಿಂದ' ಎಂದಷ್ಟೇ ಬರೆದೆ. ಕಕ್ಷಿದಾರರು ಆಡಿದ್ದನ್ನು ನ್ಯಾಯಾಧೀಶರ ಮುಂದೆ ಬಿಚ್ಚಿದರೆ ಅವರ ಕೇಸಿಗೇ ಪೆಟ್ಟು.

ಎರಡು ವಾರಕ್ಕೆ ಆಚಾರ್ರು ಹೊಸ ವಕಾಲತ್ತು ಹಿಡಿದು ಬಂದರು. ಹಳೆಯ ವಕೀಲ ಅದರ ಮೇಲೆ 'ಆಕ್ಷೇಪಣೆ ಇಲ್ಲ' ಎಂದು ಬರೆದು ಸಹಿ ಹಾಕಿದ ಮೇಲೆಯೇ ಹೊಸಬರು ಅದನ್ನು ಕೋರ್ಟಿಗೆ ಕೊಡುವುದು ನಮ್ಮ ಕಡೆಯ ರೂಢಿ. ಬರೆದುಕೊಟ್ಟೆ. ಜಬೀವುಲ್ಲಾ ಒಂದೊಂದೇ ಕಾಗದ ಓದಿ ಒಪ್ಪಿಸಿ, ಪಟ್ಟಿಗೆ ಸಹಿ ಹಾಕಿಸಿಕೊಂಡರು.

"ನಾಗಮಂಗಲದ ಲಾಯರು. ನಾನೇಳಿದ್ದೆಲ್ಲಾ ಬರೀತಾರಂತೆ," ಎಂದರು ಆಚಾರ್ರು, ನನ್ನತ್ತ ನೋಡದೆ.

"ಒಳ್ಳೇದಾಗ್ಲಿ."

ಬಾಗಿಲವರೆಗೆ ಹೋಗಿ ತಿರುಗಿದರು. "ಅವತ್ತು ಏನೋ ಅಂದ್ಬುಟ್ಟೆ. ಕ್ವಾಪ ಇಲ್ಲ ತಾನೆ?"

"ಇದೆ," ಎಂದೆ.

ಆಚಾರ್ರು ಮೊದಲ ಸಲ ನನ್ನೆದುರು ನಕ್ಕರು. "ಇರ್ಲಿ ಬುಡಿ. ಇಲ್ಲ ಅಂದಿದ್ರೆ ಸುಳ್ಳಾಯ್ತಿತ್ತು."

ಮತ್ತೆ ಅವರನ್ನು ನಾನು ನೋಡಲಿಲ್ಲ. ಎಷ್ಟೋ ಒಳ್ಳೆಯ ಕಕ್ಷಿದಾರರ ಮುಖ ಮರೆತಿದೆ, ಆ ನಗು ಮರೆತಿಲ್ಲ. ಕಕ್ಷಿದಾರರನ್ನು ಬಿಡುವುದಕ್ಕೆ ವಕೀಲನಿಗೆ ಹಕ್ಕಿದೆ. ಕೇಸನ್ನು ನಡುನೀರಿನಲ್ಲಿ ಬಿಡುವುದಕ್ಕಿಲ್ಲ. ಇದು ಪಠ್ಯಪುಸ್ತಕದಲ್ಲೂ ಇತ್ತು. ನಾನು ಕಲಿತದ್ದು ಗುಮಾಸ್ತರಿಂದ. ಅದಕ್ಕಿಂತ ತಡವಾಗಿ ಕಲಿತದ್ದು ಇನ್ನೊಂದು: ಒಬ್ಬ ಮನುಷ್ಯ ಒಂದೇ ಉಸಿರಿನಲ್ಲಿ ಹತ್ತು ಮಾತಾಡಿದಾಗ ಒಂಬತ್ತು ಸುಳ್ಳೆಂದು ಹತ್ತನೆಯದನ್ನೂ ತಳ್ಳಬಾರದು.

ಇದನ್ನು ಬರೆಯುವ ಮುನ್ನ ನನ್ನ ನೆನಪನ್ನು ನಂಬದೆ ಕೆ.ಆರ್. ಪೇಟೆಗೆ ಹೋಗಿ, ಅರ್ಜಿ ಕೊಟ್ಟು ಆ ಹಳೆಯ ಕಡತ ನೋಡಿದೆ. ಕುಕ್ಕಿದೆನೋ, ಮೆಲ್ಲಗಿಟ್ಟೆನೋ ಎಂಬುದು ಅದರಲ್ಲಿ ಇರುವುದಿಲ್ಲವಲ್ಲ. ಆದರೆ ನನ್ನ ತಕರಾರಿನ ಮೇಲೆ ನೇಮಕವಾದ ಎರಡನೆಯ ಕಮಿಷನರ್ ವರದಿ ಇತ್ತು. ಅವರು ಅಳೆದದ್ದು ಉಕ್ಕಿನ ಟೇಪಿನಲ್ಲಿ. ಪೂರ್ವ-ಪಶ್ಚಿಮ: ಮೂವತ್ತು ಅಡಿ.